ಎಸಿಎಲ್ ಆಪರೇಷನ್ ಆಗಿದೆ, ಗ್ರಾಫ್ಟ್ ಮೂಳೆಗೆ ಕೂಡಿಕೊಳ್ಳಲು ನೀವೇನು ಮಾಡಿದಿರಿ?

ಕೇಳಿದವರು: ಆಡುವಾಗ ಮಂಡಿ ತಿರುಚಿ ಎಸಿಎಲ್ (ಮಂಡಿಯೊಳಗೆ ತೊಡೆಮೂಳೆ, ಕಾಲಿನ ಮೂಳೆ ಎರಡನ್ನೂ ಹಿಡಿದಿಡುವ ಕಟ್ಟು) ಹರಿದಿತ್ತು. ಆಪರೇಷನ್ ಆಗಿ ಐದು ವಾರ. ತೊಡೆಯ ಹಿಂಭಾಗದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು, ಮೂಳೆಯಲ್ಲಿ ರಂಧ್ರ ಕೊರೆದು ಹರಿದದ್ದರ ಜಾಗಕ್ಕೆ ಗ್ರಾಫ್ಟ್ ಆಗಿ ಕೂರಿಸಿದ್ದಾರೆ. ಈಗ ನೋವೇ ಇಲ್ಲ, ಮೆಟ್ಟಿಲೂ ಹತ್ತುತ್ತೇನೆ. ಬೇಗ ಕೂಡಿಕೊಳ್ಳಲು ಏನಾದರೂ ಮಾಡಬಹುದಾ? ಪಿಆರ್‌ಪಿ ಇಂಜೆಕ್ಷನ್ (ನಮ್ಮದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಜಾಸ್ತಿ ಇರುವ ದ್ರವ) ತಗೊಳ್ಳಿ ಅಂತ ಒಬ್ಬರು, ಕ್ಯಾಲ್ಸಿಯಂ ಮಾತ್ರೆ ಅಂತ ಇನ್ನೊಬ್ಬರು. ಅನುಭವ ಇದ್ದವರು ಹೇಳಿ.

ಉತ್ತರ 1: "ನೋವೇ ಇಲ್ಲ" ಅಂದಿದ್ದು ಓದಿ ನನಗೇ ಭಯ ಆಯಿತು. ಐದನೇ ವಾರದಲ್ಲಿ ನಾನೂ ಹೀಗೇ ಹೇಳಿಕೊಂಡು ಓಡಾಡುತ್ತಿದ್ದೆ. ಆರನೇ ವಾರಕ್ಕೆ ಯಾರನ್ನೂ ಕೇಳದೆ ಜಿಮ್‌ಗೆ ಹೋಗಿ, ಕೂತು ಮಂಡಿ ಚಾಚುವ ಮಶೀನಿಗೆ ಭಾರ ಹಾಕಿದೆ. ಆಗ ಏನೂ ಅನ್ನಿಸಲಿಲ್ಲ. ಬೆಳಿಗ್ಗೆ ಎದ್ದರೆ ಮಂಡಿ ಊದಿತ್ತು. ಫಿಸಿಯೋ ಮೇಡಂ ಚಿಪ್ಪಿನ ಒಳಬದಿಯಲ್ಲಿ ಕೈ ಸವರಿ ಮೇಲಕ್ಕೆ ಒತ್ತಿದರು, ಆಮೇಲೆ ಹೊರಬದಿಯಿಂದ ಕೆಳಕ್ಕೆ. ಖಾಲಿಯಾಗಿದ್ದ ಒಳಬದಿಯ ಗುಳಿಯೊಳಕ್ಕೆ ನೀರು ಅಲೆಯ ಹಾಗೆ ವಾಪಸ್ ಬಂತು. "ನೋಡಿ, ಮಂಡಿ ಬಾಯಿ ಬಿಟ್ಟು ಹೇಳುತ್ತಿದೆ" ಅಂದರು.

ಆಮೇಲೆ ಅವರು ವಿವರಿಸಿದ್ದು ಇದು. ಕಿತ್ತು ತಂದ ಟೆಂಡನ್‌ಗೆ ರಕ್ತ ಸಂಚಾರ ಇರುವುದಿಲ್ಲ. ಮೊದಲು ಅದರ ಹಳೆಯ ಜೀವಕೋಶಗಳು ಸಾಯುತ್ತವೆ, ನಂತರ ಹೊಸ ರಕ್ತನಾಳ ಒಳಗೆ ಇಳಿಯುತ್ತದೆ. ಆ ಮಧ್ಯದ ವಾರಗಳಲ್ಲಿ ಗ್ರಾಫ್ಟ್ ಕೂರಿಸಿದ ದಿನಕ್ಕಿಂತ ದುರ್ಬಲ. ರಂಧ್ರದೊಳಗೆ ಟೆಂಡನ್‌ಗೂ ಗೋಡೆಗೂ ನಡುವೆ ಗಾಯ ಮಾಯುವಾಗ ಬೆಳೆಯುವಂಥ ಕಲೆಯ ಅಂಗಾಂಶ ತುಂಬಿ, ಅದರಿಂದ ಬೇರಿನ ಹಾಗೆ ನಾರುಗಳು ಮೂಳೆಗೆ ಇಳಿಯಬೇಕು. ಅಲ್ಲಿಯವರೆಗೆ ಹಿಡಿದಿರುವುದು ಆಪರೇಷನ್‌ನಲ್ಲಿ ಹಾಕಿದ ಸ್ಕ್ರೂ ಅಥವಾ ಬಟನ್ನಿನಂಥ ಪುಟ್ಟ ಬಿಲ್ಲೆ ಅಷ್ಟೇ. 1993ರಲ್ಲಿ ನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ, 8 ವಾರದವರೆಗೂ ಎಳೆದಾಗ ಟೆಂಡನ್ ರಂಧ್ರದಿಂದಲೇ ಕಿತ್ತು ಬಂತು. 12ನೇ ವಾರಕ್ಕೆ ಬರಲಿಲ್ಲ. ನಾಯಿಯ ಲೆಕ್ಕ ನಮಗೆ ಹಾಗೇ ಹೊಂದಬೇಕೆಂದೇನಿಲ್ಲ. ಆದರೂ ಐದನೇ ವಾರ ಎಲ್ಲಿ ಬರುತ್ತದೆ ನೋಡಿ.

ಉತ್ತರ 2: ನನ್ನ ತಪ್ಪು ಸಿಗರೇಟು. ನಿಕೋಟಿನ್ ಈ ಕೂಡಿಕೆಯನ್ನು ತಡ ಮಾಡುತ್ತದೆ ಎಂದು ಡಾಕ್ಟರ್ ಆಪರೇಷನ್‌ಗೆ ಮೊದಲೇ ಹೇಳಿದ್ದರು, ನಾನು ಕೇಳಲಿಲ್ಲ. ಇನ್ನೊಂದು, ನೋವಿನ ಮಾತ್ರೆ. ಉರಿಯೂತ ತಗ್ಗಿಸುವ ಜಾತಿಯವು ಇಲಿಗಳಲ್ಲಿ ಟೆಂಡನ್ ಮೂಳೆಗೆ ಅಂಟುವುದನ್ನು ಕುಂದಿಸಿವೆಯಂತೆ. ಮನುಷ್ಯರಲ್ಲಿ ಅಷ್ಟು ಖಚಿತ ಇಲ್ಲ. ನನಗೆ ಡಾಕ್ಟರ್ ಪ್ಯಾರಸಿಟಮಾಲ್‌ಗೆ ಬದಲಿಸಿದರು. ನೀವಾಗೇ ಬದಲಿಸಬೇಡಿ, ಚೀಟಿ ತೋರಿಸಿ ಕೇಳಿ.

ಉತ್ತರ 3: ಪಿಆರ್‌ಪಿ ನಾನು ತಗೊಂಡಿದ್ದೆ. ಉಪಯೋಗ ಆಯಿತಾ ಅಂದರೆ, ಗೊತ್ತಿಲ್ಲ ಮಾರಾಯ್ರೆ, ಇನ್ನೊಂದು ಮಂಡಿಗೆ ಹಾಕಿಸಿ ಹೋಲಿಸಿ ನೋಡಲು ಆಗಲ್ವಲ್ಲ. ಅಧ್ಯಯನಗಳಲ್ಲೂ ಒಂದರದ್ದು ಒಂದು ಥರ. ಕಾಂಡಕೋಶ (ಸ್ಟೆಮ್ ಸೆಲ್), ಮೂಳೆ ಬೆಳೆಸುವ ಪ್ರೋಟೀನ್ ಎಲ್ಲ ಹೆಚ್ಚಾಗಿ ಪ್ರಾಣಿಗಳ ಪ್ರಯೋಗದಲ್ಲೇ ಇವೆ. ಮಾತ್ರೆ ನುಂಗುವ ಮೊದಲು ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ತುಂಬಿಸಿಕೊಳ್ಳಿ. ಸುಮ್ನೆ ಜಾಸ್ತಿ ನುಂಗಿದರೆ ಬೇಗ ಅಂಟಲ್ಲ.

ಉತ್ತರ 4: ಹೆದರಿ ಕಾಲು ಆಡಿಸದೇ ಇದ್ದರೂ ಕಷ್ಟ. ನನಗೆ ಹಾಗೇ ಆಗಿ ಮಂಡಿ ಪೂರ್ತಿ ನೆಟ್ಟಗಾಗದೆ ಮೂರು ತಿಂಗಳು ಒದ್ದಾಡಿದೆ. ಫಿಸಿಯೋ ಕೊಟ್ಟ ಚಲನೆ ಮಾಡಿ, ಅದಕ್ಕಿಂತ ಮುಂದೆ ಹೋಗಬೇಡಿ. ಪಕ್ಕದ ಮನೆಯವರಿಗೆ ಬೇಗ ಆಯಿತಲ್ಲ ಅಂತ ಹೋಲಿಸಲೂ ಬೇಡಿ. ಟೆಂಡನ್ ಜೊತೆ ಮೂಳೆಯ ತುಂಡೂ ಇರುವ ಗ್ರಾಫ್ಟ್ ಆದರೆ ಮೂಳೆಗೆ ಮೂಳೆ ಸುಮಾರು 6 ವಾರಕ್ಕೆ ಬೆಸೆಯುತ್ತದೆ, ನಿಮ್ಮದು ಆ ಜಾತಿಯದಲ್ಲ. ಆಟದ ವಿಷಯಕ್ಕೆ ಬಂದರೆ, 2016ರ ಒಂದು ಅಧ್ಯಯನದಲ್ಲಿ 9 ತಿಂಗಳವರೆಗೆ ಪ್ರತಿ ತಿಂಗಳು ತಡ ಮಾಡಿದಂತೆ ಮಂಡಿಗೆ ಮತ್ತೆ ಪೆಟ್ಟಾಗುವುದು ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಜಿಮ್ ಸದ್ಯಕ್ಕೆ ಬೇಡ. ಅಂದ ಹಾಗೆ, ಸಂಜೆ ಹೊತ್ತು ಮಂಡಿ ಸ್ವಲ್ಪ ಬಿಸಿಯಾಗಿರುತ್ತದೆ. ಮೆಟ್ಟಿಲು ಜಾಸ್ತಿ ಆಯಿತೇನೋ?

ಉತ್ತರ 1: ಅದನ್ನಲ್ವಾ ಮೊದಲು ಹೇಳಬೇಕಿದ್ದು! ನಾಳೆಯೇ ತೋರಿಸಿ. ಜೊತೆಗೆ ಜ್ವರ ಇದ್ದರೆ ನಾಳೆವರೆಗೂ ಕಾಯಬೇಡಿ.