ಉಡುಪಿಯಲ್ಲೇ ಕಯಾಕಿಂಗ್, ಟ್ರೆಕ್ಕಿಂಗ್ ಗೈಡ್ ಆಗಬೇಕು: ಯಾವ ಕೋರ್ಸ್ ಮೊದಲು?

ಬ್ರಹ್ಮಾವರದ ಹುಡುಗ

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿದಿದೆ, ಈಜು ಬರ್ತದೆ, ಹೊಳೆಯ ಅಭ್ಯಾಸ ಉಂಟು. ಬೆಂಗಳೂರಿಗೆ ಹೋಗುವ ಮನಸ್ಸಿಲ್ಲ. ಇಲ್ಲೇ ಉಡುಪಿ, ಮಂಗಳೂರು ಕಡೆ ಗೈಡ್ ಆಗಿ ದುಡಿಯುವ ಅಂತ. ಯಾವ ಕೋರ್ಸ್ ಮೊದಲು ಮಾಡಬೇಕು? ಸ್ವಂತ ಕಯಾಕ್ ಬೇಕಾ? ಮಳೆಗಾಲದಲ್ಲಿ ಎಂತ ಮಾಡುವುದು? ಯೂಟ್ಯೂಬಿನಲ್ಲಿ ಸಿಗುವುದೆಲ್ಲ ಹಿಮಾಲಯದ ಲೆಕ್ಕ, ನಮ್ಮ ಕರಾವಳಿಗೆ ತಾಳೆಯಾಗುವುದಿಲ್ಲ.

ಪಡುಗಾಳಿ

ಕಯಾಕ್ ಈಗ ಬೇಡವೇ ಬೇಡ. ಅನುಮತಿ ಇರುವ ಒಬ್ಬರ ಕೈಕೆಳಗೆ ಒಂದು ಸೀಸನ್ ಕೆಲಸ ಮಾಡಿ, ಆಮೇಲೆ ನೋಡಿ.

ಕೋರ್ಸ್‌ನಲ್ಲಿ ಮೊದಲು ಜೀವರಕ್ಷಕ ತರಬೇತಿ. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಅದೂ ಉಂಟು, ಪವರ್‌ಬೋಟ್ ನಡೆಸುವ ಕೋರ್ಸೂ ಉಂಟು. ಮುಂದೆ ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಸುವ ಆಲೋಚನೆ ಇದ್ದರೂ ಇದೇ ಮೊದಲು, ಯಾಕೆಂದರೆ ಅಂತರರಾಷ್ಟ್ರೀಯ ಸರ್ಫಿಂಗ್ ಸಂಸ್ಥೆಯ ಲೆವೆಲ್ 1 ಶಿಕ್ಷಕನಾಗಲು ನೀರಿನ ರಕ್ಷಣೆಯ ಸರ್ಟಿಫಿಕೇಟ್ ಕೇಳುತ್ತಾರೆ. ಎರಡನೆಯದು ಪ್ರಥಮ ಚಿಕಿತ್ಸೆ. ಸ್ಲೈಡ್ ತೋರಿಸಿ ಮುಗಿಸುವಂಥದ್ದಲ್ಲ, ಗೊಂಬೆಯ ಮೇಲೆ ಕೈಯಾರೆ ಮಾಡಿಸುವಂಥದ್ದು.

ಮುಳುಗಿದವನನ್ನು ದಡಕ್ಕೆ ತಂದ ಕೂಡಲೇ ನಮ್ಮೂರಲ್ಲಿ ಜನ ಹೊಟ್ಟೆ ಒತ್ತುತ್ತಾರೆ, ಇಲ್ಲವೇ ತಲೆಕೆಳಗೆ ಹಿಡಿಯುತ್ತಾರೆ. ಎರಡೂ ತಪ್ಪು. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅವನಿಗೆ ಬೇಕಾದದ್ದು ಆಮ್ಲಜನಕ. ಹಾಗಾಗಿ ಉಸಿರಾಟ ನಿಂತಿದ್ದರೆ ಮೊದಲು ಬಾಯಿಯಿಂದ ಉಸಿರು ಕೊಡಬೇಕು. ಆಮೇಲೆ 30 ಸಲ ಎದೆ ಒತ್ತುವುದು, 2 ಉಸಿರು, ಹೀಗೆ ಮುಂದುವರಿಸುವುದು. ಒತ್ತುವ ಆಳ 5ರಿಂದ 6 ಸೆಂ.ಮೀ., ವೇಗ ನಿಮಿಷಕ್ಕೆ 100ರಿಂದ 120. ಸುತ್ತ ಸೇರಿದವರು ಕೂಗಾಡುವಾಗ ಇದನ್ನು ನಿಲ್ಲಿಸದೆ ಮಾಡಲು ಬರಬೇಕು. ಕೋರ್ಸ್ ಇರುವುದು ಅದಕ್ಕೇ.

ಅಳಿವೆ ಬಾಗಿಲು

ಪಡುಗಾಳಿಯವರು ಹೇಳಿದ್ದು ಸರಿ. ಆದರೆ ಸರ್ಟಿಫಿಕೇಟ್ ಇದ್ದವನಿಗೂ ನಮ್ಮ ಹೊಳೆ ಗೊತ್ತಿರುತ್ತದೆ ಅಂತಿಲ್ಲ.

ಸ್ವರ್ಣಾ, ಸೀತಾ ಸೇರಿ ಸಮುದ್ರಕ್ಕೆ ಹೋಗುವ ಕೋಡಿ ಬೆಂಗ್ರೆ ಇರಲಿ, ಶಾಂಭವಿ, ನಂದಿನಿ ಸೇರುವ ಸಸಿಹಿತ್ಲು ಇರಲಿ, ಟ್ರಿಪ್ಪಿನ ಸಮಯ ಗೊತ್ತು ಮಾಡುವುದು ಗಿರಾಕಿಯಲ್ಲ, ಉಬ್ಬರ ಇಳಿತದ ಪಟ್ಟಿ. ಇಳಿತದ ಆರು ಗಂಟೆಯಲ್ಲಿ ನಡುವಿನ ಎರಡು ಗಂಟೆಗೇ ಸುಮಾರು ಅರ್ಧದಷ್ಟು ನೀರು ಹೊರಗೆ ಹೋಗುತ್ತದೆ. ಆ ಹೊತ್ತಿಗೆ ಅಳಿವೆಯ ಹತ್ತಿರ ಹೊಸಬರ ಕಯಾಕ್ ಇರಲೇಬಾರದು. ಹೊರಗೆ ಓಡುವ ನೀರು, ಒಳಗೆ ಬರುವ ಅಲೆ ಡಿಕ್ಕಿಯಾಗುವ ಕಡೆ ಅಲೆ ನಿಂತಲ್ಲೇ ಕಡಿದಾಗಿ ಏಳುತ್ತದೆ, ಮಗುಚಿದವನು ಈಜಿದರೂ ದಡ ಸೇರುವುದಿಲ್ಲ. ಏರುವ ನೀರಿನಲ್ಲಿ ಮೇಲಕ್ಕೆ ಹೋಗಿ, ತುಂಬಿ ನಿಂತ ಹೊತ್ತಿಗೆ ತಿರುಗಿ, ಇಳಿತದ ಮೊದಲ ಗಂಟೆಯಲ್ಲಿ ವಾಪಸ್ ಮುಟ್ಟಬೇಕು. ಪಟ್ಟಿಯಲ್ಲಿರುವುದು ಬಂದರಿನ ಹೊತ್ತು, ಒಳಗಿನ ಹೊಳೆಗೆ ಅದು ತಡವಾಗಿ ಬರುತ್ತದೆ. ಎಷ್ಟು ತಡ ಅಂತ ನಿಮ್ಮ ಜಾಗದಲ್ಲೇ ಒಂದು ಕೋಲು ನೆಟ್ಟು ಬರೆದಿಟ್ಟುಕೊಳ್ಳಿ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ದಿನದ ಎರಡು ಇಳಿತ ಒಂದೇ ಮಟ್ಟಕ್ಕೆ ಬರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜಾಸ್ತಿ.

ಗಾಳಿಯೂ ಉಂಟು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಬೀಸಲು ಶುರು. ಸಂಜೆಯ ಟ್ರಿಪ್ಪಿಗೆ ಒಳಹೊಳೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮರೆ ಇರುವ ಜಾಗವೇ ಆಗಬೇಕು.

ಹೊರಗಿನಿಂದ ಬಂದ ಗೈಡ್‌ಗಳಿಗೆ ಗೊತ್ತಾಗದ ಒಂದು ಅಪಾಯ ನಮ್ಮಲ್ಲುಂಟು, ಕಿಂಡಿ ಅಣೆಕಟ್ಟು. ಹೊಳೆಗೆ ಅಡ್ಡಲಾಗಿ ಕಟ್ಟಿದ ಕಂಬಗಳ ನಡುವಿನ ಕಿಂಡಿಗಳಿಗೆ ಮಳೆ ಮುಗಿದ ಮೇಲೆ ಹಲಗೆ ಹಾಕುತ್ತಾರೆ, ಮಳೆಗೆ ಮೊದಲು ತೆಗೆಯುತ್ತಾರೆ. ಒಂದೆರಡು ಕಿಂಡಿ ಮಾತ್ರ ತೆರೆದಿದ್ದರೆ ಮೇಲಿನ ನೀರೆಲ್ಲ ಅಲ್ಲಿಗೇ ಎಳೆಯುತ್ತದೆ, ಮೇಲ್ಮೈ ಮಾತ್ರ ಕೆರೆಯಂತೆ ಸಪಾಟು ಕಾಣುತ್ತದೆ. ಕಯಾಕ್ ಅಡ್ಡವಾಗಿ ಕಂಬಕ್ಕೆ ಒತ್ತಿ ನಿಂತರೆ ನೀರಿನ ಭಾರಕ್ಕೆ ಬಿಡಿಸಲು ಇಬ್ಬರಿಂದಲೂ ಆಗುವುದಿಲ್ಲ. ಮೇಲ್ಭಾಗದಿಂದ ಹತ್ತಿರ ಹೋಗಲೇಬೇಡಿ.

ಕೊನೆಗೆ ಹಿಂಬದಿಯ ಬಿರಡೆ. ಸಿಟ್-ಆನ್-ಟಾಪ್ (ಒಳಗಲ್ಲ, ಮೇಲೆ ಕೂರುವ) ಕಯಾಕಿನ ಹೊಟ್ಟೆ ಟೊಳ್ಳು, ತೊಳೆದ ಮೇಲೆ ನೀರು ಬಸಿಯಲು ಹಿಂದೆ ಒಂದು ಬಿರಡೆ ಇರುತ್ತದೆ. ಅದನ್ನು ಹಾಕಲು ಮರೆತರೆ ಮೊದಲು ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ಹಿಂಭಾಗ ತಗ್ಗುತ್ತದೆ, ಒಳಗಿನ ನೀರು ಆಚೆ ಈಚೆ ಓಡಾಡಿ ಸಣ್ಣ ಅಲೆಗೂ ಮಗುಚುತ್ತದೆ. ಗಿರಾಕಿ "ನನ್ನದು ಯಾಕೋ ಭಾರ ಆಗ್ತದೆ" ಅಂದರೆ ಅವನ ಕೈ ಸೋತಿದೆ ಅಂತ ತಿಳಿಯಬೇಡಿ, ಬಿರಡೆ ನೋಡಿ. ಕಟ್ಟಿಕೊಂಡು ಹೋಗುವ ಸಾಮಾನಿನಲ್ಲಿ ಒಂದೆರಡು ಬಿರಡೆ ಹೆಚ್ಚಿಗೆ, 15 ಮೀಟರ್ ಎಸೆಯುವ ಹಗ್ಗ, ಬಲೆ ಕತ್ತರಿಸಲು ಚಾಕು, ಸೀಟಿ, ಒಂದು ಪ್ಯಾಡಲ್ ಜಾಸ್ತಿ. ಎಲ್ಲರಿಗೂ ಪಾದ ಮುಚ್ಚುವ ಚಪ್ಪಲಿ. ಕಾಂಡ್ಲಾ ಬೇರಿಗೆ ಅಂಟಿದ ಚಿಪ್ಪು ಬ್ಲೇಡಿಗಿಂತ ಹರಿತ.

ಬ್ರಹ್ಮಾವರದ ಹುಡುಗ

ಕಿಂಡಿ ಅಣೆಕಟ್ಟಿನ ವಿಷಯ ಯಾರೂ ಹೇಳಿರಲಿಲ್ಲ, ಉಪಕಾರ ಆಯ್ತು. ಮಳೆಗಾಲ ಮತ್ತು ಘಟ್ಟದ ಬಗ್ಗೆ ಯಾರಾದರೂ ಹೇಳ್ತೀರಾ?

ಸಂಸೆ ದಾರಿ

ವರ್ಷವನ್ನು ಹೀಗೆ ಹೊಂದಿಸಿಕೊಳ್ಳಿ: ಜೂನ್‌ನಿಂದ ಸೆಪ್ಟೆಂಬರ್ ನೀರಿನ ಕೆಲಸ ಬಂದ್. ಘಟ್ಟದಲ್ಲಿ ಜನ ಹೆಚ್ಚು ಬರುವುದೇ ಆಗ. ಮತ್ತೆ ಜನವರಿವರೆಗೆ ಎರಡೂ ನಡೆಯುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣದ ದಾರಿ ಮುಚ್ಚುವುದುಂಟು, ಆಗ ಪೂರ್ತಿ ನೀರು. ಮಳೆ ಜೋರಾದರೆ ಚಾರಣವೂ ನಿಲ್ಲುತ್ತದೆ, ಅದಕ್ಕೆ ತಯಾರಿರಿ.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ದಾರಿಗಳಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಆಗಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಉಂಟು, ಒಳಗೆ ಟೆಂಟ್ ಹಾಕುವಂತಿಲ್ಲ. ಅಲ್ಲಿ ಗೈಡ್ ಕೆಲಸ ಊರಿನವರದ್ದು. ಉಡುಪಿಯಿಂದ ಹೋಗುವ ನೀವು ಗುಂಪು ಕರೆತರುವವರು ಅಷ್ಟೆ. ಅವರ ಕೂಲಿ ಕಡಿಮೆ ಮಾಡಲು ಚರ್ಚೆಗೆ ನಿಲ್ಲಬೇಡಿ, ಮಂಜು ಮುಸುಕಿದಾಗ ದಾರಿ ಗೊತ್ತಿರುವುದು ಅವರಿಗೇ.

ಚಾರಣ ಶುರುವಾಗುವ ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿ.ಮೀ. ತಿರುಗುವ ಹೊತ್ತನ್ನು ಬೆಳಿಗ್ಗೆ ಹೊರಡುವ ಮೊದಲೇ ಎಲ್ಲರೆದುರು ಹೇಳಿಬಿಡಿ. ಶಿಖರದ ಬುಡದಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಹೋಗುವಾಗ ಮೊಣಕಾಲಿಗೆ ಬರುವ ತೊರೆ ಘಟ್ಟದ ಮೇಲೆ ಒಂದು ಮಳೆ ಹೊಡೆದರೆ ಬರುವಾಗ ಸೊಂಟಕ್ಕೆ ಬಂದಿರುತ್ತದೆ. ನೀರು ಕೆಂಪಾಗಿ ಕಸಕಡ್ಡಿ ತೇಲಿ ಬಂದರೆ ದಾಟದೆ ಕಾಯಿರಿ, ಮಳೆ ನಿಂತರೆ ಸಣ್ಣ ತೊರೆ ಬೇಗ ಇಳಿಯುತ್ತದೆ. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಅಂತರ ಇದ್ದರೆ ಬೋಳುಗುಡ್ಡ ಬಿಟ್ಟು ಇಳಿಯಿರಿ. ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಾಯಬೇಕು.

ಇಂಬಳಕ್ಕೆ (ಜಿಗಣೆ) ಹೊಗೆಸೊಪ್ಪು, ಸುಣ್ಣ ಸಾಕು, ಅದರಿಂದ ಯಾರೂ ಸಾಯುವುದಿಲ್ಲ. ಹಾವಿನ ಮಾತು ಬೇರೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಳಿಂಗಕ್ಕೆ ಅಲ್ಲ. ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ. ಉಂಗುರ, ವಾಚು ತೆಗೆದು, ಕಚ್ಚಿದ ಕೈಕಾಲು ಅಲುಗಾಡದಂತೆ ಕೋಲು ಕಟ್ಟಿ, ನಡೆಸದೆ ಹೊತ್ತು ತರಬೇಕು. ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವೂ ವೆಂಟಿಲೇಟರೂ ಉಂಟು ಅಂತ ಸೀಸನ್‌ಗೆ ಮೊದಲೇ ಫೋನ್ ಮಾಡಿ ಕೇಳಿಡಿ.

ಉತ್ತರಕಾಶಿ, ಡಾರ್ಜಿಲಿಂಗ್ ಪರ್ವತಾರೋಹಣ ಸಂಸ್ಥೆಗಳ ಬೇಸಿಕ್ ಕೋರ್ಸ್ ಸುಮಾರು ನಾಲ್ಕು ವಾರದ್ದು. ಹಿಮದ ಕೆಲಸವೇ ಜಾಸ್ತಿ ಕಲಿಸುತ್ತಾರೆ. ಕೆಟ್ಟದಲ್ಲ, ಆದರೆ ನಿಮಗೆ ಅವಸರ ಇಲ್ಲ. ಹಗ್ಗ, ಬಂಡೆ, ಶಿಬಿರ ನಡೆಸುವುದಕ್ಕೆ ರಾಜ್ಯದ್ದೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಉಂಟು, ಮೊದಲು ಅಲ್ಲಿ ವಿಚಾರಿಸಿ.

ಹಳದಿ ಬೋರ್ಡು

ದುಡ್ಡಿನ ಮಾತು ಯಾರೂ ಎತ್ತಲಿಲ್ಲ ಮಾರಾಯ್ರೆ. ಬಿಳಿ ಬೋರ್ಡಿನ ಕಾರಲ್ಲಿ ಬಾಡಿಗೆಗೆ ಜನ ಕೂರಿಸಬೇಡಿ. ಅಪಘಾತ ಆದರೆ ವಿಮೆ ಕಂಪನಿ ಕೈ ಎತ್ತುತ್ತದೆ. ಗಿರಾಕಿ ಸಹಿ ಹಾಕಿದ "ನನ್ನ ಜವಾಬ್ದಾರಿ" ಕಾಗದ ನಿಮ್ಮ ನಿರ್ಲಕ್ಷ್ಯಕ್ಕೆ ರಕ್ಷಣೆ ಅಲ್ಲ. ಟ್ರಿಪ್ ನಡೆಸುವ ಮಾಲಕರ ವಿಮೆ ಪಾಲಿಸಿಯಲ್ಲಿ ಗೈಡ್‌ನ ಹೆಸರು ಉಂಟಾ ನೋಡಿ.

ಸೇರುವ ಮೊದಲು ಕೇಳಬೇಕಾದ ಒಂದೇ ಪ್ರಶ್ನೆ: ಗಾಳಿ ಮಳೆಗೆ ಟ್ರಿಪ್ ರದ್ದಾದರೆ ನನಗೆಷ್ಟು? ತಲೆಗೆ ಇಷ್ಟು ಅಂತ ಕೊಡುವಲ್ಲಿ ರದ್ದು ಮಾಡಿದ ದಿನ ಗೈಡ್‌ಗೆ ಸೊನ್ನೆ. ಎಂಟು ಜನ ದಡದಲ್ಲಿ ಲೈಫ್‌ಜಾಕೆಟ್ ಹಾಕಿ ನಿಂತಿರುವಾಗ "ಇವತ್ತು ಬೇಡ" ಅನ್ನಲು ಆಗ ಬಾಯಿ ಬರುವುದಿಲ್ಲ. ದಿನಗೂಲಿ ಸ್ವಲ್ಪ ಕಡಿಮೆ ಆದರೂ ರದ್ದಾದ ದಿನಕ್ಕೆ ಅರ್ಧವಾದರೂ ಕೊಡುವಲ್ಲಿ ಸೇರಿ.

ಪಡುಗಾಳಿ

ಲೈಫ್‌ಜಾಕೆಟ್ ಅಂದಾಗ ನೆನಪಾಯ್ತು. ತೇಲಿಸುವ ಬಲ 50 ನ್ಯೂಟನ್ ಇರುವುದು ಈಜು ಬರುವವರಿಗೆ ಮಾತ್ರ, ಈಜು ಬಾರದವರಿಗೆ 100ರದ್ದು. ಹಾಕಿದ ಮೇಲೆ ಎರಡೂ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಕಿವಿಯವರೆಗೆ ಬಂದರೆ ಸಡಿಲ. ಉಪ್ಪುನೀರಿನಿಂದ ಬಂದದ್ದನ್ನು ಬಾವಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಟ್ಟೆಯ ಗಟ್ಟಿತನ ಹೋಗಿ ಹೊಲಿಗೆ ಬಿಡುತ್ತದೆ.