ಪ್ರಾಣಿ ಪ್ರಯೋಗಗಳಿಗೆ ಪರ್ಯಾಯ ಬೇಕೆಂಬ ನಮ್ಮ ಮನವಿಯಲ್ಲಿ ಏನನ್ನು ಕೇಳಬೇಕು?

ಪ್ರಶ್ನೆ: ಮುಲುಂಡ್‌ನಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮುಂಬಯಿಯ ಒಂದು ಕಾಲೇಜಿನಲ್ಲಿ ಎಂ.ಫಾರ್ಮ್ ಎರಡನೇ ವರ್ಷದಲ್ಲಿದ್ದಾಳೆ. ಒಂದು ಗಿಡದ ಎಲೆಯ ಸಾರಕ್ಕೆ ಬಾವು ಇಳಿಸುವ ಗುಣವಿದೆಯೇ ಎಂಬುದು ಅವಳ ಪ್ರಬಂಧದ ವಿಷಯ. ಅದಕ್ಕಾಗಿ ಇಲಿಗಳ ಹಿಂಗಾಲಿನ ಅಡಿಗೆ ಕ್ಯಾರಜೀನನ್ ಎಂಬ ವಸ್ತುವನ್ನು ಚುಚ್ಚಿ, ಪಾದ ಊದಿಕೊಂಡ ಮೇಲೆ ಗಂಟೆಗೊಮ್ಮೆ ಅದನ್ನು ದ್ರವ ತುಂಬಿದ ನಳಿಕೆಯಲ್ಲಿ ಅದ್ದಿ ಊತ ಎಷ್ಟೆಂದು ಅಳೆಯಬೇಕು. ಗುಂಪಿಗೆ 6ರಂತೆ 5 ಗುಂಪು, ಒಟ್ಟು 30 ಇಲಿಗಳು. ಮೊದಲ ದಿನ ಮನೆಗೆ ಬಂದವಳು ಊಟ ಬೇಡವೆಂದು ಮಲಗಿಬಿಟ್ಟಳು.

ಆದರೆ ಅವಳನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಅನುಮತಿಯ ಅರ್ಜಿಯಲ್ಲಿ, ಪ್ರಾಣಿಗಳನ್ನು ಬಳಸದ ವಿಧಾನ ಈ ಕೆಲಸಕ್ಕೆ ಏಕೆ ಸಾಲದು ಎಂದು ವಿವರಿಸಬೇಕಾದ ಜಾಗವಿದೆ. ಅಲ್ಲಿ ಏನು ಬರೆಯಲಿ ಎಂದು ಅವಳು ಕೇಳಿದಾಗ, ಹಿಂದಿನ ವರ್ಷದವರ ಅರ್ಜಿಯನ್ನು ಕೈಗಿತ್ತು ಅದರಲ್ಲಿದ್ದ ವಾಕ್ಯವನ್ನೇ ನಕಲು ಮಾಡಲು ಹೇಳಿದರಂತೆ.

ನಮ್ಮ ಮಹಿಳಾ ಬಳಗದ ಕೆಲವರು ಸೇರಿ ಒಂದು ಮನವಿ ಸಿದ್ಧಪಡಿಸುತ್ತಿದ್ದೇವೆ. ಮಾಟುಂಗದ ಮುಂದಿನ ಕಾರ್ಯಕ್ರಮದಲ್ಲಿ ಸಹಿ ಸಂಗ್ರಹಿಸಬೇಕೆಂದಿದ್ದೇವೆ. ಕರಡಿನ ಮೊದಲ ಸಾಲು ‘ಎಲ್ಲ ಪ್ರಾಣಿ ಪ್ರಯೋಗಗಳನ್ನು ಕೂಡಲೇ ನಿಷೇಧಿಸಬೇಕು’ ಎಂದಿದೆ. ಬಳಗದ ವೈದ್ಯೆಯೊಬ್ಬರು ಈ ಸಾಲಿಗೆ ತಾನು ಸಹಿ ಹಾಕಲಾರೆ ಎಂದರು. ಮನವಿ ಬರಿಯ ಕಾಗದವಾಗಿ ಉಳಿಯದಂತೆ ನಾವು ಏನನ್ನು ಕೇಳಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಠಾಣೆ, ಔಷಧ ಗುಣಮಟ್ಟ ವಿಭಾಗದಿಂದ ನಿವೃತ್ತ

ಅಕ್ಕ, ನಿಮ್ಮ ಮಗಳು ಊಟ ಬಿಟ್ಟ ಸಂಗತಿ ಓದಿ ನನ್ನ ಮೊದಲ ಕೆಲಸದ ದಿನಗಳು ನೆನಪಾದವು. ಸಲೈನ್ ಮತ್ತು ಚುಚ್ಚುಮದ್ದುಗಳಲ್ಲಿ ಜ್ವರ ತರುವ ಅಂಶ ಸೇರಿಕೊಂಡಿದೆಯೇ ಎಂದು ನಾವು ಮೊಲಗಳ ಮೇಲೆ ಪರೀಕ್ಷಿಸುತ್ತಿದ್ದೆವು. ಕುತ್ತಿಗೆ ಮಾತ್ರ ಹೊರಗಿರುವ ಪೆಟ್ಟಿಗೆಗಳಲ್ಲಿ ಮೂರು ಮೊಲಗಳನ್ನು ಸಾಲಾಗಿ ಕೂರಿಸಿ, ಗುದದ್ವಾರದಲ್ಲಿ ಉಷ್ಣಮಾಪಕವಿಟ್ಟು, ಕಿವಿಯ ಅಂಚಿನ ರಕ್ತನಾಳಕ್ಕೆ ಔಷಧ ಚುಚ್ಚಿ, ಮೂರು ಗಂಟೆ ಕಾಲ ಮೈಬಿಸಿ ಬರೆದುಕೊಳ್ಳುವುದು ನನ್ನ ಕೆಲಸ. ಮೊಲ ಕೂಗುವುದಿಲ್ಲ. ಅದರ ಮೂಗಿನ ತುದಿ ಮಾತ್ರ ಬಿಡದೆ ಅದುರುತ್ತಿರುತ್ತದೆ. ಮೂವತ್ತು ವರ್ಷಗಳಾದರೂ ಆ ಅದುರು ನನ್ನ ಕಣ್ಣಿಂದ ಹೋಗಿಲ್ಲ.

ಈಗ ಅದೇ ಕೆಲಸವನ್ನು ಮಾನವ ರಕ್ತದ ಬಿಳಿಕಣಗಳಿಂದ ಮಾಡಬಹುದು. ಜ್ವರಕಾರಕ ಅಂಶ ತಗುಲಿದಾಗ ಮಾನೊಸೈಟ್ ಎಂಬ ಕಣಗಳು ನಮ್ಮ ದೇಹದಲ್ಲಿ ಜ್ವರ ಹುಟ್ಟಿಸುವ ರಾಸಾಯನಿಕಗಳನ್ನೇ ಪ್ರಯೋಗಾಲಯದ ತಟ್ಟೆಯಲ್ಲಿಯೂ ಸ್ರವಿಸುತ್ತವೆ, ಅದನ್ನು ಅಳೆದರಾಯಿತು. ಮೊಲದ ಜ್ವರಕ್ಕಿಂತ ಇದು ಮನುಷ್ಯನ ಜ್ವರಕ್ಕೆ ಹತ್ತಿರವಾದ ಸಾಕ್ಷ್ಯ. ಔಷಧಗಳ ಗುಣಮಟ್ಟವನ್ನು ನಿಗದಿಪಡಿಸುವ ಯುರೋಪಿನ ಫಾರ್ಮಕೊಪಿಯಾ ಮೊಲದ ಪರೀಕ್ಷೆಯನ್ನು ಐದು ವರ್ಷಗಳಲ್ಲಿ ಕೈಬಿಡುವುದಾಗಿ 2021ರಲ್ಲೇ ಪ್ರಕಟಿಸಿತು. ನಡುವೆ ಇನ್ನೊಂದು ಪರೀಕ್ಷೆ ಬಂದಿತ್ತು, ಅದು ಹಾರ್ಸ್‌ಶೂ ಏಡಿ ಎಂಬ ಕಡಲಜೀವಿಯ ನೀಲಿ ರಕ್ತವನ್ನು ಬಳಸುವಂಥದ್ದು. ಮೊಲ ಉಳಿಯಿತು, ಏಡಿ ಸಿಕ್ಕಿಬಿತ್ತು. ಈಗ ಆ ರಕ್ತದ ಮುಖ್ಯ ಅಂಶವನ್ನು ಏಡಿಯಿಲ್ಲದೆ ಪ್ರಯೋಗಾಲಯದಲ್ಲೇ ತಯಾರಿಸುತ್ತಾರೆ.

ಆದ್ದರಿಂದ ನಿಮ್ಮ ಮೊದಲ ಸಾಲನ್ನು ಅಳಿಸಬೇಡಿ ಎಂದು ನನ್ನ ಕೋರಿಕೆ. ಗುರಿ ಅದೇ ಆಗಿರಲಿ. ಗುರಿಯನ್ನು ದೊಡ್ಡದಾಗಿ ಹೇಳದಿದ್ದರೆ ಯಾರೂ ಚಿಕ್ಕದನ್ನೂ ಕೊಡುವುದಿಲ್ಲ.

ಉತ್ತರ: ಪುಣೆ, ವಿಷಶಾಸ್ತ್ರ ಪ್ರಯೋಗಾಲಯದ ಉದ್ಯೋಗಿ

ಠಾಣೆಯ ಹಿರಿಯರ ಅನುಭವಕ್ಕೆ ಗೌರವ ಸಲ್ಲಿಸುತ್ತಲೇ ಕೊನೆಯ ಮಾತನ್ನು ಒಪ್ಪಲಾರೆ. ಮನವಿಯನ್ನು ಓದುವ ಅಧಿಕಾರಿ ಮೊದಲ ಸಾಲಿಗೇ ‘ಅಸಾಧ್ಯ’ ಎಂದು ಬರೆದು ಕಡತ ಮುಚ್ಚುತ್ತಾರೆ. ಒಂದೊಂದು ಪರೀಕ್ಷೆಯ ಹೆಸರು ಹಿಡಿದು, ಅದರ ಬದಲಿ ಯಾವುದೆಂದು ಪಕ್ಕದಲ್ಲೇ ಬರೆದು ಕೇಳಿದರೆ ಅವರು ಉತ್ತರ ಕೊಡಲೇಬೇಕಾಗುತ್ತದೆ. ಸೌಂದರ್ಯವರ್ಧಕಗಳಿಗೆ ಪ್ರಾಣಿ ಪರೀಕ್ಷೆ ನಮ್ಮಲ್ಲಿ ನಿಂತದ್ದು ಹೀಗೆಯೇ. 2014ರ ಮೇ ತಿಂಗಳಲ್ಲಿ ದೇಶದೊಳಗಿನ ಪರೀಕ್ಷೆಯನ್ನು ನಿಷೇಧಿಸಿದರು, ಅದೇ ವರ್ಷದ ನವೆಂಬರಿನಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸರಕುಗಳ ಆಮದನ್ನೂ ನಿಲ್ಲಿಸಿದರು.

ಕಾನೂನು ನಿಮ್ಮ ಕಡೆಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಕಲಂ, ಸಾಧ್ಯವಿರುವ ಕಡೆಯೆಲ್ಲ ಪ್ರಾಣಿ ಪ್ರಯೋಗವನ್ನು ತಪ್ಪಿಸಬೇಕೆಂದೇ ಹೇಳುತ್ತದೆ, ಕಾಲೇಜುಗಳ ಉದಾಹರಣೆಯನ್ನೂ ಅಲ್ಲಿಯೇ ಕೊಡುತ್ತದೆ. 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಂದ ತಿದ್ದುಪಡಿಯಿಂದ, ಮಾನವ ಕೋಶಗಳು, ಪುಟ್ಟ ಚಿಪ್‌ಗಳ ಮೇಲೆ ಕೋಶಗಳಿಂದ ಬೆಳೆಸಿದ ಅಂಗಗಳ ಮಾದರಿಗಳು, ಕಂಪ್ಯೂಟರ್ ಮಾದರಿಗಳು ಮುಂತಾದವುಗಳ ಫಲಿತಾಂಶಗಳನ್ನು ಕೂಡ ಸಲ್ಲಿಸಲು ದಾರಿಯಾಯಿತು. ಆದರೆ ಗಮನಿಸಿ, ಅದು ಅವಕಾಶವೇ ಹೊರತು ಕಡ್ಡಾಯವಲ್ಲ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಬಂದ ಕಾಯ್ದೆಯೂ ಹಾಗೆಯೇ. ಕಂಪನಿಗಳು ಹಳೆಯ ದಾರಿಯನ್ನೇ ಹಿಡಿಯುವುದಕ್ಕೆ ಕ್ರೌರ್ಯಕ್ಕಿಂತ ಹೆಚ್ಚಾಗಿ ಅಂಜಿಕೆ ಕಾರಣ: ಹೊಸ ವಿಧಾನದ ವರದಿಯನ್ನು ನಿಯಂತ್ರಕರು ತಿರಸ್ಕರಿಸಿದರೆ ಎರಡು ವರ್ಷದ ಶ್ರಮ ಮಣ್ಣುಪಾಲಾಗುತ್ತದೆ.

ನಾನು ದಿನವೂ ಮಾಡುವ ಕೆಲಸವೊಂದನ್ನು ಹೇಳುತ್ತೇನೆ. ಚರ್ಮ ಉರಿಯುತ್ತದೆಯೇ ಎಂದು ತಿಳಿಯಲು ಮೊದಲು ಮೊಲದ ಬೆನ್ನಿನ ಕೂದಲು ಬೋಳಿಸಿ ರಾಸಾಯನಿಕ ಹಚ್ಚುತ್ತಿದ್ದರು. ಈಗ ಮಾನವ ಚರ್ಮದ ಕೋಶಗಳಿಂದ ಬೆಳೆಸಿದ, ಅಂಗಿಯ ಗುಂಡಿಗಿಂತ ಚಿಕ್ಕದಾದ ಚರ್ಮದ ಬಿಲ್ಲೆಗಳ ಮೇಲೆ ಹಚ್ಚಿ, ತೊಳೆದು, ಸುಮಾರು 42 ಗಂಟೆಗಳ ಬಳಿಕ ಒಂದು ಹಳದಿ ದ್ರಾವಣದಲ್ಲಿ ಇಡುತ್ತೇವೆ. ಬದುಕಿರುವ ಕೋಶಗಳು ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತವೆ. ನೀರಿನಂಥ ನಿರಪಾಯ ದ್ರವ ಹಚ್ಚಿದ ಬಿಲ್ಲೆಗೆ ಹೋಲಿಸಿದರೆ ಬದುಕಿದ ಪ್ರಮಾಣ ಶೇಕಡ 50 ಅಥವಾ ಅದಕ್ಕಿಂತ ಕಡಿಮೆಯಾದರೆ ಆ ರಾಸಾಯನಿಕ ಚರ್ಮಕ್ಕೆ ಹಾನಿಕರ. ಪರೀಕ್ಷಾ ವಿಧಾನಗಳನ್ನು ಒಪ್ಪಿ ಪ್ರಕಟಿಸುವ, ಹಲವು ದೇಶಗಳ ಒಕ್ಕೂಟವಾದ ಒಇಸಿಡಿ ಈ ವಿಧಾನವನ್ನು 2010ರಲ್ಲೇ ಅಂಗೀಕರಿಸಿದೆ. ನಮಗಿರುವ ತೊಂದರೆ ವಿಜ್ಞಾನದ್ದಲ್ಲ. ಆ ಬಿಲ್ಲೆಗಳು ವಿದೇಶದಿಂದ ತಂಪುಪೆಟ್ಟಿಗೆಯಲ್ಲಿ ಬರಬೇಕು, ಜೀವಂತ ವಸ್ತುವಾದ್ದರಿಂದ ಆಯುಸ್ಸು ಬೆರಳೆಣಿಕೆಯ ದಿನಗಳು. ಒಮ್ಮೆ ಸುಂಕದ ಕಾಗದಪತ್ರಗಳು ತಡವಾಗಿ ಇಡೀ ಸರಕು ನಮ್ಮ ಕೈಸೇರುವಷ್ಟರಲ್ಲಿ ಸತ್ತುಹೋಗಿತ್ತು. ಆ ವಾರ ಗ್ರಾಹಕರು ಮೊಲದ ಪರೀಕ್ಷೆಯೇ ಸಾಕೆಂದು ಬೇರೆಡೆಗೆ ಹೋದರು. ಇಂಥ ಚರ್ಮ ಇಲ್ಲಿಯೇ ತಯಾರಾಗಿ ಮುಂಬಯಿ-ಪುಣೆಗಳಿಗೆ ಒಂದೇ ದಿನದಲ್ಲಿ ಸಿಗುವಂತಾಗಲು ಅನುದಾನ ಕೊಡಿ ಎಂದು ಮನವಿಯಲ್ಲಿ ಕೇಳಿ. ಘೋಷಣೆಗಿಂತ ಇದು ಹೆಚ್ಚು ಮೊಲಗಳನ್ನು ಉಳಿಸುತ್ತದೆ.

ಇನ್ನೊಂದು ಮಾತು. ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡದ್ದು ಮನುಷ್ಯರಲ್ಲಿಯೂ ಹಾಗೆಯೇ ಇರುತ್ತದೆ ಎಂಬ ನಂಬಿಕೆ ಹಲವು ಬಾರಿ ಮುರಿದಿದೆ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್ 1412 ಎಂಬ ಔಷಧವನ್ನು ಮಂಗಗಳಿಗೆ ಕೊಟ್ಟ ಪ್ರಮಾಣದ 500ರಲ್ಲಿ ಒಂದು ಭಾಗದಷ್ಟು ಮಾತ್ರ ಆರು ಮಂದಿ ಸ್ವಯಂಸೇವಕರಿಗೆ ಕೊಟ್ಟರು. ಮಂಗಗಳಿಗೆ ಏನೂ ಆಗಿರಲಿಲ್ಲ, ಆ ಆರೂ ಮಂದಿ ತೀವ್ರ ನಿಗಾ ಘಟಕ ಸೇರಿದರು. ಹಾಗೆಂದು ಎಲ್ಲದಕ್ಕೂ ಬದಲಿ ಸಿದ್ಧವಿದೆ ಎಂದು ಹೇಳಬೇಡಿ. ಗರ್ಭದ ಮೇಲಿನ ಪರಿಣಾಮ, ವರ್ಷಗಟ್ಟಲೆ ಸೇವಿಸಿದಾಗ ಆಗುವ ಹಾನಿ, ಇವುಗಳನ್ನು ಪೂರ್ಣವಾಗಿ ತಿಳಿಸುವ ಬಿಲ್ಲೆ ಇನ್ನೂ ಬಂದಿಲ್ಲ. ನಾವು ಕೋಶಗಳನ್ನು ಬೆಳೆಸುವ ದ್ರವಕ್ಕೂ ಬಹಳ ಕಡೆ ಕರುವಿನ ಭ್ರೂಣದ ರಕ್ತದಿಂದ ತೆಗೆದ ಸೀರಮ್ಮನ್ನೇ ಬೆರೆಸುತ್ತಾರೆ. ಅದನ್ನೂ ಬಿಡಿಸಬೇಕು, ಮಾನವ ಪ್ಲೇಟ್‌ಲೆಟ್‌ಗಳಿಂದ ತಯಾರಿಸಿದ ಬದಲಿ ಇದೆ.

ಉತ್ತರ: ಮಡಗಾಂವ್, ಶಾಲಾ ಶಿಕ್ಷಕ

ನನ್ನ ತಂದೆಯವರು ಕಾರವಾರದ ಬಳಿಯ ಗದ್ದೆಯಲ್ಲಿ ನಾಗರಹಾವು ಕಚ್ಚಿ, ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷದಿಂದ ಬದುಕಿದವರು. ಆದ್ದರಿಂದ ‘ಕೂಡಲೇ ನಿಷೇಧಿಸಿ’ ಎಂಬ ಸಾಲಿಗೆ ನನ್ನ ಕೈ ಏಳುವುದಿಲ್ಲ. ಆದರೆ ಆ ಔಷಧದ ಪ್ರತಿ ಬ್ಯಾಚನ್ನು ಪರೀಕ್ಷಿಸಲು ವಿಷದೊಡನೆ ಬೆರೆಸಿ ಸುಂಡಿಲಿಗಳಿಗೆ ಚುಚ್ಚಿ, ಎಷ್ಟು ಬದುಕಿದವು ಎಂದು ಎಣಿಸುತ್ತಾರೆ ಎಂದು ತಿಳಿದ ಮೇಲೆ ಮನಸ್ಸಿಗೆ ನೆಮ್ಮದಿಯಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯೊಡನೆ ಸೇರಿ, ನಾಗರ, ಕಾಳಿಂಗ, ಕಟ್ಟುಹಾವು ಮತ್ತು ಆಫ್ರಿಕಾದ ಮಾಂಬಾಗಳ ಒಂದು ವರ್ಗದ ನರವಿಷವನ್ನು ತಡೆಯುವ ಕೃತಕ ಮಾನವ ಪ್ರತಿಕಾಯವನ್ನು 2024ರಲ್ಲಿ ಪ್ರಕಟಿಸಿದರು. ಕೊಳಕುಮಂಡಲದ ವಿಷಕ್ಕೆ ಅದು ಮದ್ದಲ್ಲ, ಅದನ್ನು ಪರೀಕ್ಷಿಸಿದ್ದೂ ಸುಂಡಿಲಿಗಳ ಮೇಲೆಯೇ. ಆದರೂ ಕುದುರೆಯ ಲಾಯವನ್ನು ದಾಟಿ ಹೋಗುವ ದಾರಿ ಅದು. ಪ್ರತಿವಿಷದ ಮಾತನ್ನು ಮನವಿಯಲ್ಲಿ ಸೇರಿಸುವುದಾದರೆ, ನಿಷೇಧವನ್ನಲ್ಲ, ಇಂಥ ಸಂಶೋಧನೆಗೆ ಹಣವನ್ನು ಕೇಳಿ.

ಮರುಉತ್ತರ: ಮುಲುಂಡ್‌ನಿಂದ ತಾಯಿ

ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಕರಡನ್ನು ತಿದ್ದಿದೆವು. ಪ್ರಾಣಿರಹಿತ ಸಂಶೋಧನೆಯೇ ನಮ್ಮ ಗುರಿ ಎಂಬ ಮಾತು ಠಾಣೆಯ ಅಣ್ಣನವರು ಹೇಳಿದಂತೆ ಮೇಲೆಯೇ ಉಳಿದಿದೆ, ‘ಕೂಡಲೇ’ ಎಂಬುದು ಹೋಗಿದೆ, ವೈದ್ಯೆಯವರು ಸಹಿ ಹಾಕಿದ್ದಾರೆ. ಅದರ ಕೆಳಗೆ ಮೊಲದ ಜ್ವರ ಪರೀಕ್ಷೆಗೆ ಬದಲಿ, ಚರ್ಮದ ಬಿಲ್ಲೆಗಳ ತಯಾರಿಕೆ, ಪ್ರತಿವಿಷದ ಸಂಶೋಧನೆ ಇವಿಷ್ಟನ್ನು ಹೆಸರು ಹಿಡಿದು ಕೇಳಿದ್ದೇವೆ.

ಕೊನೆಯ ಕೋರಿಕೆ ಮಗಳದ್ದು. ಪರ್ಯಾಯ ಏಕೆ ಸಾಲದು ಎಂಬ ಪ್ರಶ್ನೆಗೆ ಯಾವ ಯಾವ ವಿಧಾನವನ್ನು ಪರಿಶೀಲಿಸಿದೆವು ಎಂದು ಹೆಸರಿಸಿ ಉತ್ತರಿಸದ ಅರ್ಜಿಯನ್ನು ಪ್ರಾಣಿ ಪ್ರಯೋಗಗಳಿಗೆ ಅನುಮತಿ ಕೊಡುವ, ಸಂಸ್ಥೆಗಳ ನೈತಿಕತಾ ಸಮಿತಿಗಳು ಹಿಂದಿರುಗಿಸಬೇಕು. ಆ ಸಮಿತಿಗಳಲ್ಲಿ ವಿಜ್ಞಾನಿಯಲ್ಲದ ಒಬ್ಬ ಸದಸ್ಯರೂ ಇರಬೇಕೆಂಬ ನಿಯಮವಿದೆಯೆಂದು ಅವಳೇ ಹುಡುಕಿ ತೋರಿಸಿದಳು. ತನ್ನ ಸಾರವನ್ನು ಮೊದಲು ಮಾನವ ಕೋಶಗಳ ಮೇಲೆ ನೋಡಲು ಅವಕಾಶ ಕೊಡಿ ಎಂದು ಮಾರ್ಗದರ್ಶಕರಿಗೆ ಬರೆದಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ. ಮುಂಬಯಿ ಅಥವಾ ಪುಣೆಯಲ್ಲಿ ಅಂಥ ಸಮಿತಿಯ ಸದಸ್ಯರಾಗಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಸಭೆಯಲ್ಲಿ ಆ ಪ್ರಶ್ನೆಯ ಮೇಲೆ ನಿಜಕ್ಕೂ ಎಷ್ಟು ಹೊತ್ತು ಚರ್ಚೆಯಾಗುತ್ತದೆ ಎಂದು ದಯವಿಟ್ಟು ಬರೆಯಿರಿ.