ಇಂಟ್ರಾಓರಲ್ ಸ್ಕ್ಯಾನರ್ ತಗೊಳ್ಳೋದಾ, ಸಿಲಿಕೋನ್ ಇಂಪ್ರೆಶನ್‌ನಲ್ಲೇ ಇರೋದಾ?

ಪ್ರಶ್ನೆ (ಶಿವಮೊಗ್ಗ): ಒಂದೇ ಚೇರ್ ಇರುವ ಹಲ್ಲಿನ ಕ್ಲಿನಿಕ್. ತಿಂಗಳಿಗೆ ಹದಿನೈದು ಕ್ರೌನ್ (ಹಲ್ಲಿನ ಕ್ಯಾಪ್), ಒಂದೆರಡು ಬ್ರಿಡ್ಜ್ (ಜೋಡಿಸಿದ ಹಲ್ಲಿನ ಸಾಲು). ಈಗ ಸಿಲಿಕೋನ್ ಒತ್ತಿ ಹಲ್ಲಿನ ಅಚ್ಚು (ಇಂಪ್ರೆಶನ್) ತೆಗೀತೇನೆ. ಬಾಯೊಳಗೆ ಆಡಿಸಿ ಬೆಳಕಿನಿಂದಲೇ ಅಳತೆ ತೆಗೆಯುವ ಈ ಸ್ಕ್ಯಾನರ್ ಅಳತೆ ನಿಜವಾಗ್ಲೂ ಸರಿ ಬರುತ್ತಾ? ಬಳಸಿದವರು ಹೇಳಿ.

ಹುಬ್ಬಳ್ಳಿಯಿಂದ: 11 ಲಕ್ಷ ಸಾಲ ಮಾಡಿ ತಗೊಂಡೆ. ಐದು ವರ್ಷ ತಿಂಗಳಿಗೆ 24,000 ಹತ್ತಿರ ಕಂತು. ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಬೇರೆ ಬೇಕು ಅಂತ ಹಣ ಕಟ್ಟಿದ ಮೇಲೆ ಹೇಳಿದರು, ಅದಕ್ಕೆ 1.4 ಲಕ್ಷ. ಬಿಡಿ ಕ್ರೌನ್‌ಗಳಲ್ಲಿ ತೊಂದರೆ ಆಗಿಲ್ಲ. ನಾನು ಸೋತದ್ದು ಪೂರ್ತಿ ದವಡೆಯಲ್ಲಿ. ದವಡೆ ಮೂಳೆಗೆ ಕೂರಿಸಿದ ಆರು ಇಂಪ್ಲಾಂಟ್ ಮೇಲೆ ಬ್ರಿಡ್ಜ್. ಫ್ರೇಮ್ ಬಂತು, ಒಂದು ತುದಿಯ ಸ್ಕ್ರೂ ಬಿಗಿ ಮಾಡಿದರೆ ಇನ್ನೊಂದು ತುದಿ ಎದ್ದು ನಿಂತಿತು. ಯಂತ್ರ ಚಿತ್ರಕ್ಕೆ ಚಿತ್ರ ಹೊಲಿಯುತ್ತಾ ಹೋಗುತ್ತದೆ. ಬೋಳು ವಸಡಿನಲ್ಲಿ ಅದಕ್ಕೆ ಗುರುತು ಸಿಗೋದಿಲ್ಲ. ತಪ್ಪು ಸೇರುತ್ತಾ ಹೋಗುತ್ತದೆ. ಹಲ್ಲಾದರೆ ಸ್ವಲ್ಪ ಅಲುಗಿ ಹೊಂದಿಕೊಳ್ಳುತ್ತದೆ, ಇಂಪ್ಲಾಂಟ್ ಹೊಂದಿಕೊಳ್ಳಲ್ಲ. ಲ್ಯಾಬ್ ಬಿಲ್ 62,000 ನನ್ನ ಕೈಯಿಂದಲೇ ಹೋಯಿತು. ಕೊನೆಗೆ ಇಂಪ್ಲಾಂಟ್‌ಗೆ ಸಿಕ್ಕಿಸುವ ಕೋಪಿಂಗ್‌ಗಳನ್ನು ರೆಸಿನ್‌ನಿಂದ ಒಂದಕ್ಕೊಂದು ಕಟ್ಟಿ, ಮೇಲೆ ತೆರೆದಿರುವ ಓಪನ್ ಟ್ರೇಯಲ್ಲಿ ಇಂಪ್ರೆಶನ್ ತೆಗೆದೆ. ಕೂತಿತು.

ಮಂಗಳೂರಿನಿಂದ: ಹುಬ್ಬಳ್ಳಿ ಡಾಕ್ಟ್ರೇ, ಸ್ಕ್ಯಾನ್ ಮಾಡಿದ ದಾರಿ ಯಾವುದು ಅಂತ ನೀವು ಬರೆದೇ ಇಲ್ಲ. ಮೊದಲು ಕಚ್ಚುವ ಮೇಲ್ಮೈ, ಆಮೇಲೆ ನಾಲಿಗೆ ಕಡೆ, ಕೊನೆಗೆ ಕೆನ್ನೆ ಕಡೆ. ಚೇರ್ ಲೈಟ್ ಆಫ್. ನಾಲ್ಕು ವರ್ಷದಲ್ಲಿ ನಂದು ಏಳೇ ರಿಮೇಕ್ (ಮತ್ತೆ ಮಾಡಿಸಿದ್ದು). ಸಿಲಿಕೋನ್ ಕಾಲದಲ್ಲಿ ತಿಂಗಳಿಗೆ ಎರಡು ಗ್ಯಾರಂಟಿ, ಅರ್ಧ ತಪ್ಪು ಲ್ಯಾಬ್‌ನವರು ಅಚ್ಚಿಗೆ ಸುರಿಯುವ ಪ್ಲಾಸ್ಟರ್‌ನ ಗುಳ್ಳೆಯಿಂದ.

ಕ್ರೌನ್ ಮಾಡಿಕೊಡುವ ಲ್ಯಾಬ್‌ನಿಂದ: ಗುಳ್ಳೆ ಅಂತ ನಮ್ಮ ಮೇಲೆ ಹಾಕಬೇಡಿ ಸರ್. ಹತ್ತೊಂಬತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೇನೆ. ಕಳೆದ ವಾರ ಕೆಳಗಿನ ಆರನೇ ಹಲ್ಲಿನ ಫೈಲ್ ಬಂತು. ಮುಂದಿನ ಕಡೆ ಮಾರ್ಜಿನ್, ಅಂದರೆ ಕ್ರೌನ್ ಬಂದು ಕೂರುವ ಅಂಚು, ಗೆರೆ ಎಳೆದ ಹಾಗಿತ್ತು. ಹಿಂದಿನ ಕಡೆ ವಸಡಿನೊಳಗೆ ಕರಗಿಹೋಗಿತ್ತು. ಅಲ್ಲಿ ರಕ್ತ ನಿಂತಿತ್ತು, ಸಾಫ್ಟ್‌ವೇರ್ ಅದನ್ನೇ ಹಲ್ಲು ಅಂದುಕೊಂಡು ನುಣ್ಣಗೆ ತುಂಬಿಬಿಟ್ಟಿತ್ತು. ಸಿಲಿಕೋನ್ ಸ್ವಲ್ಪವಾದರೂ ವಸಡು ತಳ್ಳಿ ಒಳಗಿಳಿಯುತ್ತದೆ. ಬೆಳಕು ತಳ್ಳೋದಿಲ್ಲ. ವಸಡು ಸರಿಸುವ ದಾರ (ಕಾರ್ಡ್) ಹಾಕದೆ ಸ್ಕ್ಯಾನ್ ಮಾಡಿ, ಬ್ರೋಷರ್‌ನ ಮೈಕ್ರಾನ್ ಲೆಕ್ಕ ನಮಗೆ ಓದಿ ಹೇಳ್ತೀರಿ. ಮಾರ್ಜಿನ್ ಗ್ಯಾಪ್ 120 ಮೈಕ್ರಾನ್ ಒಳಗಿರಬೇಕು ಅಂತ 1971ರಿಂದಲೂ ಹೇಳ್ತಾ ಬಂದಿದ್ದಾರೆ. ಮಾರ್ಜಿನ್ನೇ ಕಾಣದಿದ್ದರೆ ನಾನು ಯಾವುದನ್ನು ಅಳೆಯಲಿ?

ಮಂಗಳೂರಿನಿಂದ: ನಾನು ಪ್ರತಿ ಕೇಸಿಗೂ ಎರಡು ಕಾರ್ಡ್ ಹಾಕ್ತೇನೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮಾರ್ಜಿನ್ ಕಾಣದ ಫೈಲ್ ಬಂದರೆ ಅವತ್ತೇ ವಾಪಸ್ ಕಳಿಸಿ. ಝಿರ್ಕೋನಿಯಾ ಕ್ರೌನ್ ಯಂತ್ರದಲ್ಲಿ ಮಿಲ್ ಮಾಡಿ, ಬಿಲ್ ಹಾಕಿ, ಆಮೇಲೆ ಸ್ಕ್ಯಾನ್ ಸರಿ ಇರಲಿಲ್ಲ ಅಂದರೆ ಹೇಗೆ?

ಲ್ಯಾಬ್‌ನಿಂದ: ಆ ಕೇಸ್ ವಾಪಸ್ ಕಳಿಸಿದ್ದೆ ಸರ್. "ಪೇಷಂಟ್ ಮತ್ತೆ ಬರಲ್ಲ, ಅಂದಾಜಿನಲ್ಲಿ ಮಾಡಿ" ಅಂತ ಉತ್ತರ ಬಂತು. ಮಾಡಿಕೊಟ್ಟೆ. ಕೂರಲಿಲ್ಲ. ರಿಮೇಕ್ ದುಡ್ಡು ಇವತ್ತಿಗೂ ಬಂದಿಲ್ಲ.

ಹುಬ್ಬಳ್ಳಿಯಿಂದ: ದಾರಿ ಕೇಳಿದ್ರಲ್ಲ ಮಂಗಳೂರು ಡಾಕ್ಟ್ರೇ, ನೀವು ಹೇಳಿದ್ದೇ ದಾರಿ. ಮೂರು ಸಲ ಸ್ಕ್ಯಾನ್ ಮಾಡಿದೆ. ಮೂರು ಫೈಲ್ ಒಂದರ ಮೇಲೊಂದು ಇಟ್ಟು ನೋಡಿದರೆ ಹಿಂದಿನ ಇಂಪ್ಲಾಂಟ್ ಮೂರು ಕಡೆ ಇತ್ತು.